ಸಹಾಯ ಬೇಕು: ಹೆರಕಲ್ ಹಿನ್ನೀರಿನಲ್ಲಿ ಕಂಡ ಹೆಬ್ಬಾತು ಯಾವುದು?

ನಮಸ್ಕಾರ್ರೀ. ನಿನ್ನೆ ಬಾಗಲಕೋಟೆ ಹತ್ತಿರ ಹೆರಕಲ್ ಹಿನ್ನೀರಿನ ದಂಡೆಯ ಕಡಲೆ ಹೊಲದಲ್ಲಿ ಪಟ್ಟೆತಲೆ ಹೆಬ್ಬಾತುಗಳ ಹಿಂಡು ಮೇಯುತ್ತಿತ್ತು. ಅದರಲ್ಲಿ ಒಂದು ಮಾತ್ರ ಬೇರೆ. ಮೈ ದಪ್ಪ, ತಲೆ ಮೇಲೆ ಕಪ್ಪು ಪಟ್ಟೆ ಇಲ್ಲ, ಕಾಲು ಗುಲಾಬಿ. ಗ್ರೇಲ್ಯಾಗ್ ಗೂಸ್ (ಬೂದು ಹೆಬ್ಬಾತು) ಅನಿಸುತ್ತದೆ. ಆದರೆ ಅದು ಚಳಿಗಾಲಕ್ಕೆ ಉತ್ತರ ಭಾರತಕ್ಕೆ ಬರುವ ಹಕ್ಕಿ, ಇಷ್ಟು ದಕ್ಷಿಣಕ್ಕೆ ಅಪರೂಪ ಅಲ್ವಾ?

ಯಾರೋ ಸಾಕಿದ್ದು ತಪ್ಪಿಸಿಕೊಂಡು ಬಂದಿದ್ದರೆ? ಹೆಚ್ಚಿನ ಸಾಕು ಹೆಬ್ಬಾತುಗಳ ಮೂಲವೂ ಇದೇ ಜಾತಿ, ಅದೇ ಅನುಮಾನ. ಹಾರಿದಾಗ ರೆಕ್ಕೆಯ ಮುಂಭಾಗ ತಿಳಿ ಬೂದು ಕಂಡಿತು. ಫೋಟೊ ಮಾತ್ರ ಮಸುಕು, ಹನ್ನೊಂದರ ಬಿಸಿಲಿಗೆ ಎಲ್ಲ ಕುಣಿಯುತ್ತಿತ್ತು.

ಇ-ಬರ್ಡ್‌ಗೆ (ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ) ಹಾಕಲು ಇಷ್ಟು ಸಾಕಾ? ಮತ್ತೆ ಸಿಕ್ಕರೆ ಯಾವ ಭಾಗದ ಫೋಟೊ ಮುಖ್ಯ? ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡುವ ದುರ್ಬೀನು) ಇರುವವರು ಭಾನುವಾರ ಬರುತ್ತೀರಾ? ಹೊಲ ಯಾವುದು ಅಂತ ಇಲ್ಲಿ ಹಾಕುವುದಿಲ್ಲ, ಜನ ಜಾಸ್ತಿ ಆದರೆ ಹಿಂಡು ಎದ್ದುಬಿಡುತ್ತದೆ. ಮೆಸೇಜ್ ಮಾಡಿ.