ಮೈಸೂರು ಪದಾತಿದಳದಲ್ಲಿದ್ದ ಮುತ್ತಜ್ಜನ ಸೇವಾ ದಾಖಲೆ

ಪ್ರಶ್ನೆ (ತೀರ್ಥಹಳ್ಳಿ):
ನಮ್ಮ ಮುತ್ತಜ್ಜ ಅಡಿಕೆ ತೋಟವನ್ನು ತಮ್ಮನಿಗೊಪ್ಪಿಸಿ, ಸ್ವಇಚ್ಛೆಯಿಂದ ಮೈಸೂರು ಸಂಸ್ಥಾನದ ಪದಾತಿದಳ ಸೇರಿದ್ದರು; ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರಕ್ಕೆ ಹೋದವರು ಮರಳಲಿಲ್ಲವೆಂದು ಹಿರಿಯರು ಹೇಳುತ್ತಾರೆ. ನಮ್ಮಲ್ಲಿ ಉಳಿದಿರುವುದು ಒಂದು ಪದಕ ಮಾತ್ರ. ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ (ಸಾಗರ):
ಹಿರಿಯರ ಮಾತು ಇತಿಹಾಸಕ್ಕೆ ಹೊಂದುತ್ತದೆ. ಮೈಸೂರು ಪದಾತಿದಳದ 1ನೇ ಬೆಟಾಲಿಯನ್ ಸಿಂಗಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ನಗರ ಶರಣಾದಾಗ ಅಲ್ಲಿದ್ದ ಸೈನಿಕರು ಜಪಾನೀಯರ ಸೆರೆಯಾಳುಗಳಾದರು. ಸಮಾಧಿ ತಿಳಿಯದವರ ಹೆಸರುಗಳು ಸಿಂಗಪುರದ ಕ್ರಾಂಜಿ ಎಂಬಲ್ಲಿರುವ ಸಿಂಗಪುರ ಸ್ಮಾರಕದಲ್ಲಿವೆ, ಆದ್ದರಿಂದ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಅಂತರ್ಜಾಲ ಪಟ್ಟಿಯನ್ನು ಮೊದಲು ನೋಡಿ. ಅಂದಿನ ಗುಮಾಸ್ತರು ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಮನಬಂದಂತೆ ಬರೆದಿರುವುದರಿಂದ, ಹೆಸರಿಗಿಂತ ದಳದ ಮೂಲಕ ಹುಡುಕುವುದೇ ಫಲಕಾರಿಯೆಂದು ನನ್ನ ಅಭಿಪ್ರಾಯ.

ಉತ್ತರ (ಶಿವಮೊಗ್ಗ):
ಪದಕವನ್ನು ದಯವಿಟ್ಟು ಉಜ್ಜಿ ಹೊಳಪುಗೊಳಿಸಬೇಡಿ. ಅದರ ಅಂಚಿನಲ್ಲಿ ಸೈನಿಕ ಸಂಖ್ಯೆ, ಹೆಸರು ಮತ್ತು ದಳ ಅಚ್ಚಾಗಿರಬಹುದು. ಆ ಸಂಖ್ಯೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಈ ಬೆಟಾಲಿಯನ್ ಮುಂದೆ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆದ ಕಾರಣ, ಸಂಖ್ಯೆ ಹಾಗೂ ಗ್ರಾಮದ ಹೆಸರಿನೊಂದಿಗೆ ತಮಿಳುನಾಡಿನ ನೀಲಗಿರಿಯಲ್ಲಿರುವ ವೆಲ್ಲಿಂಗ್ಟನ್ನಿನ ರೆಜಿಮೆಂಟ್ ಕೇಂದ್ರಕ್ಕೆ ಪತ್ರ ಬರೆಯಿರಿ. ಸಂಸ್ಥಾನದ ಕಡತಗಳಿಗಾಗಿ ಬೆಂಗಳೂರಿನ ರಾಜ್ಯ ಪತ್ರಾಗಾರವನ್ನೂ ಸಂಪರ್ಕಿಸಿ.