ಅಪ್ಪನ ಲಿವರ್‌ಗೆ ಯುನಾನಿ ಹಕೀಮರ ಹತ್ರ ಹೋಗಬಹುದಾ?

ಸುರತ್ಕಲ್‌ನಿಂದ ಪ್ರಶ್ನೆ:
ಅಪ್ಪನಿಗೆ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂದಿದೆ. ರಕ್ತ ಪರೀಕ್ಷೆಯಲ್ಲಿ ಲಿವರಿನ ಎಸ್‌ಜಿಪಿಟಿ ಸ್ವಲ್ಪ ಜಾಸ್ತಿ. ಶುಗರೂ ಇದೆ. ಚಿಕ್ಕಪ್ಪ ಯುನಾನಿ ಹಕೀಮರಿಗೆ (ಆಯುರ್ವೇದದ ಹಾಗೆ ಇನ್ನೊಂದು ಹಳೆ ಪದ್ಧತಿಯ ವೈದ್ಯರು) ತೋರಿಸಿ ಅಂತಾರೆ. ಅವರು 'ಜಿಗರ್ ಬಿಸಿ' ಅನ್ನುವುದು ನನಗೆ ಅರ್ಥವೇ ಆಗುವುದಿಲ್ಲ. ಹೋದವರು ಯಾರಾದರೂ ಇದ್ದರೆ ಹೇಳಿ.

ಬಂದರಿನಿಂದ ಒಬ್ಬರು:
ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಯುನಾನಿ ಉಂಟು ಅಕ್ಕ. ಜಿಗರ್ ಅಂದರೆ ಲಿವರ್. ನನಗೆ ಇದು ಅರ್ಥವಾದದ್ದು ಗಂಜಿಯಿಂದ! ಹಕೀಮರ ಲೆಕ್ಕದಲ್ಲಿ ಲಿವರ್ ಒಂದು ಒಲೆ, ಉರಿ ಜಾಸ್ತಿ ಆದರೆ 'ಜಿಗರ್ ಬಿಸಿ'. ಹೊಟ್ಟೆಯಲ್ಲಿ ಒಮ್ಮೆ ಬೆಂದ ಊಟದ ರಸ ಅಲ್ಲಿ ಇನ್ನೊಮ್ಮೆ ಬೇಯುತ್ತದೆ. ಕುಚ್ಚಲಕ್ಕಿ ಗಂಜಿ ಕುದಿಯುವಾಗ ಮೇಲೆ ನೊರೆ ಬರುತ್ತದಲ್ವಾ, ಅದು ಸಫ್ರಾ, ಹಳದಿ ಪಿತ್ತ. ತಳದಲ್ಲಿ ಕೂರುವುದು ಸೌದಾ, ಕಪ್ಪು ಪಿತ್ತ. ಅರೆಬೆಂದದ್ದು ಬಲ್ಗಮ್, ಅಂದರೆ ಕಫ. ಹದವಾಗಿ ಬೆಂದದ್ದು ದಮ್, ರಕ್ತ. ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ಅನ್ನುವ ಪರ್ಷಿಯಾದ ವೈದ್ಯ ಹೀಗೇ ನೊರೆ, ಗಸಿ ಅಂತ ವಿವರಿಸಿದ್ದ. ಸಫ್ರಾ ಪಿತ್ತಕೋಶಕ್ಕೆ ಹೋಗದೆ ರಕ್ತದಲ್ಲಿ ಬೆರೆತರೆ ಯರ್ಕಾನ್, ನಮ್ಮ ಕಾಮಾಲೆ. ಹಾಗಾಗಿ ಹಕೀಮರು ನಾಡಿ ಹಿಡಿಯುತ್ತಾರೆ, ಮೂತ್ರದ ಬಣ್ಣ ಕೇಳುತ್ತಾರೆ. ನನ್ನ ತಾಯಿಗೆ ಕಾಸ್ನಿ ಅರ್ಕ್, ಅಂದರೆ ಕಾಸ್ನಿ (ಚಿಕೋರಿ) ಗಿಡದಿಂದ ಬಟ್ಟಿ ಇಳಿಸಿದ ನೀರು, ಕೊಟ್ಟಿದ್ದರು. ಹಸಿವಾಯ್ತು ಅಂದರು ಅವರು. ಗುಣ ಅರ್ಕಿನದ್ದೋ, ಎಣ್ಣೆ ತಿಂಡಿ ಬಿಟ್ಟದ್ದೋ, ದೇವರಿಗೇ ಗೊತ್ತು.

ಉಡುಪಿಯಿಂದ:
ನನ್ನದು ಕಹಿ ಅನುಭವ. ತಮ್ಮನ ಕಣ್ಣು ಹಳದಿಯಾದಾಗ ಒಬ್ಬರ ಹತ್ರ ಹೋದೆವು. ಪದವಿ ಏನೂ ಇರಲಿಲ್ಲ ಅವರಿಗೆ, ಆಮೇಲೆ ಗೊತ್ತಾಯ್ತು. ಹಳೆ ಪೇಪರಿನಲ್ಲಿ ಕಟ್ಟಿದ ಬೂದು ಪುಡಿ, ಹೆಸರಿಲ್ಲ. ಜೊತೆಗೆ ಉಪ್ಪು, ಎಣ್ಣೆ, ಮೀನು ಬಂದ್. ಮೂರು ವಾರಕ್ಕೆ ಹುಡುಗ ಸೊರಗಿದ, ಹಳದಿ ಇಳಿಯಲಿಲ್ಲ. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ! ಸರ್ಕಾರದ ಯೋಜನೆ 2018ರಿಂದ ಉಂಟು, ಪರೀಕ್ಷೆ, ಔಷಧಿ ಎರಡೂ ಉಚಿತ. ನಮಗೆ ಯಾರೂ ಹೇಳಿರಲಿಲ್ಲ ಮಾರಾಯ್ರೆ.

ಬಿಯುಎಂಎಸ್ (ಯುನಾನಿ ವೈದ್ಯ ಪದವಿ) ಓದುತ್ತಿರುವ ಒಬ್ಬರು:
ಪುಡಿ ಕೊಟ್ಟವರನ್ನು ನಮ್ಮ ಲೆಕ್ಕಕ್ಕೆ ಸೇರಿಸಬೇಡಿ. ಬಿಯುಎಂಎಸ್ ಮಾಡಿ ನೋಂದಣಿ ಆದವರು ರಿಪೋರ್ಟ್ ನೋಡದೆ ಲಿವರಿಗೆ ಮದ್ದು ಕೊಡಬಾರದು, ಗಿಡಮೂಲಿಕೆಯಿಂದಲೂ ಲಿವರ್ ಕೆಡಬಹುದು. ಶುಗರ್ ಇದ್ದರೆ ಯುನಾನಿಯ ಶರ್ಬತ್ ಮದ್ದು ಬೇಡ, ಲಿವರಿಗೆ ಕೊಡುವ ಬಜೂರಿ ಶರ್ಬತ್ತಿನಲ್ಲಿ ಸಕ್ಕರೆ ಪಾಕವೇ ಇರುವುದು. ಇಂಗ್ಲಿಷ್ ಮದ್ದು ಸುಮ್ನೆ ನಿಲ್ಲಿಸಬೇಡಿ. ಹೊಟ್ಟೆ ಊದಿದರೆ, ಮಲ ಕಪ್ಪಾದರೆ, ಮಾತು ತೊದಲಿದರೆ ಹಕೀಮರನ್ನು ಹುಡುಕಬೇಡಿ, ನೇರ ಆಸ್ಪತ್ರೆಗೆ.

ಸುರತ್ಕಲ್‌ನಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಮೊದಲು ಡಾಕ್ಟರು, ಹೆಪಟೈಟಿಸ್ ಪರೀಕ್ಷೆ, ಆಮೇಲೆ ಫೈಲ್ ಹಿಡಿದು ಹಕೀಮರು ಅಂತ ಮಾಡಿದ್ದೇವೆ. ಅಪ್ಪನದ್ದು ಒಂದೇ ಪ್ರಶ್ನೆ, ಬಂಗುಡೆ ಮೀನು ಬಿಡಬೇಕಾ?

ಬಂದರಿನವರು:
ಬಂಗುಡೆ ಬೇಡ ಅಂತ ಯಾರು ಹೇಳಿದ್ದು? ಫ್ರೈ ಬಿಡಲಿ. ಪುಳಿಮುಂಚಿ (ಹುಳಿ-ಮೆಣಸಿನ ಸಾರು) ಮಾಡಿ ಕೊಡಿ.