ಎನ್‌ಆರ್‌ಎಲ್ (ಆಸ್ಟ್ರೇಲಿಯಾದ ರಗ್ಬಿ ಲೀಗ್) ಸೀಸನ್ ಆರಂಭಕ್ಕೆ ಮೊದಲೇ ಚಾಂಪಿಯನ್ ತಂಡದ ಮೇಲೆ ಹಣ ಕಟ್ಟಬೇಕೆ? ಅನುಭವಸ್ಥರು ತಿಳಿಸಿ

ವೆಸ್ಟ್‌ಮೀಡ್ ನಿವಾಸಿ, ಸಿಡ್ನಿ:
ಎಲ್ಲರಿಗೂ ನಮಸ್ಕಾರ. 2026ರ ರಗ್ಬಿ ಲೀಗ್ ಸೀಸನ್ ಮಾರ್ಚ್ ಆರಂಭದಲ್ಲಿ ಲಾಸ್ ವೇಗಸ್‌ನ ಪಂದ್ಯಗಳೊಂದಿಗೆ ಶುರುವಾಗಲಿದೆ. ಕಳೆದ ವರ್ಷ ಕಚೇರಿಯ ಟಿಪ್ಪಿಂಗ್‌ನಲ್ಲಿ (ವಾರವಾರ ಗೆಲ್ಲುವ ತಂಡವನ್ನು ಊಹಿಸುವ ಸ್ಪರ್ಧೆ) 34 ಜನರ ಪೈಕಿ ಎರಡನೆಯ ಸ್ಥಾನ ಪಡೆದ ಧೈರ್ಯದಲ್ಲಿ, ಈ ಬಾರಿ 600 ಡಾಲರ್ ಬೇರೆ ತೆಗೆದಿಟ್ಟಿದ್ದೇನೆ. ಮನೆಯವರಿಗೂ ತಿಳಿಸಿದ್ದೇನೆ. ನನ್ನ ಪ್ರಶ್ನೆಗಳು ಮೂರು. ಇಡೀ ಮೊತ್ತವನ್ನು ಈಗಲೇ ಕಟ್ಟುವುದೋ, ಆರಿಜಿನ್ (ಸೀಸನ್ ಮಧ್ಯೆ ನಡೆಯುವ ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ರಾಜ್ಯಗಳ ಸರಣಿ) ಮುಗಿಯುವವರೆಗೆ ಕಾಯುವುದೋ? ಸೀಸನ್‌ಗೆ ಮುಂಚೆ ಬರುವ ಮುನ್ನೋಟಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು? ಒಂದೇ ಖಾತೆ ಸಾಕೇ, ಹಲವು ಬೇಕೇ? ನಾನು ಪ್ಯಾರಮಟ್ಟ ಅಭಿಮಾನಿ. ಆದರೆ ಅವರ ಮೇಲೆ ಹಣ ಕಟ್ಟುವ ಯೋಚನೆಯಿಲ್ಲ.

ಹಸಿರು ಅಂಗಿ, ಕ್ಯಾನ್ಬೆರಾ:
ಕಳೆದ ವರ್ಷ ಫೆಬ್ರವರಿಯಲ್ಲಿ, ಯಾವ ಮುನ್ನೋಟವೂ ನಮ್ಮ ಊರಿನ ರೇಡರ್ಸ್ ತಂಡವನ್ನು ಗಣನೆಗೆ ತೆಗೆದುಕೊಳ್ಳದಿದ್ದಾಗ, ನಾನು ಅವರ ಮೇಲೆ 100 ಡಾಲರ್ ಕಟ್ಟಿದೆ. ಗೆದ್ದಿದ್ದರೆ ಕಾರಿನ ಸಾಲದ ಬಾಕಿ ಪೂರ್ತಿ ತೀರುತ್ತಿತ್ತು. ವೇಗಸ್‌ನಲ್ಲಿ ವಾರಿಯರ್ಸ್ ಮೇಲೆ 30-8ರಿಂದ ಗೆದ್ದಾಗ ನನ್ನ ಲೆಕ್ಕ ಸರಿಯೆಂದು ತಿಳಿಯಿತು. ಸೆಪ್ಟೆಂಬರ್ ಹೊತ್ತಿಗೆ ಪಟ್ಟಿಯ ಅಗ್ರಸ್ಥಾನ ನಮ್ಮದಾಯಿತು. 1990ರ ನಂತರ ಮೊದಲ ಬಾರಿಗೆ. ಆಗ ಆ್ಯಪ್‌ನಲ್ಲಿ ಕ್ಯಾಶ್ ಔಟ್ ಮಾಡಿದರೆ (ಪಂತ ಮುಗಿಯುವ ಮೊದಲೇ ಹಣ ಪಡೆದರೆ) 840 ಡಾಲರ್ ಕೊಡುವುದಾಗಿ ತೋರಿಸುತ್ತಿತ್ತು. ನಾನು ಒತ್ತಲಿಲ್ಲ. ತವರಿನಲ್ಲಿ ನಡೆದ ಮೊದಲ ಫೈನಲ್ಸ್ (ಪಟ್ಟಿಯ ಮೊದಲ ಎಂಟು ತಂಡಗಳು ಪ್ರಶಸ್ತಿಗೆ ಆಡುವ ಹಂತ) ಪಂದ್ಯಕ್ಕೆ ನಾಲ್ಕು ಟಿಕೆಟ್, ಪಾರ್ಕಿಂಗ್, ಊಟ ಸೇರಿ 310 ಡಾಲರ್ ಖರ್ಚಾಯಿತು. ಬ್ರಿಸ್ಬೇನ್ ಬ್ರಾಂಕೋಸ್ ವಿರುದ್ಧ ಗೋಲ್ಡನ್ ಪಾಯಿಂಟ್‌ನಲ್ಲಿ (ಅಂಕ ಸಮವಾದಾಗ ಹೆಚ್ಚುವರಿ ಆಟದಲ್ಲಿ ಮೊದಲು ಅಂಕ ಗಳಿಸಿದವರಿಗೆ ಗೆಲುವು) 29-28ರಿಂದ ಸೋತೆವು. ಮರುವಾರ ಅದೇ ಕ್ರೀಡಾಂಗಣದಲ್ಲಿ ಕ್ರೊನಲಾ 32-12ರಿಂದ ನಮ್ಮನ್ನು ಮನೆಗೆ ಕಳಿಸಿತು. ಆರು ತಿಂಗಳು ಎಲ್ಲರಿಗಿಂತ ಚೆನ್ನಾಗಿ ಆಡಿದ ತಂಡದ ಪಾಲು ಒಂದೇ ವಾರದಲ್ಲಿ ಮುಗಿದುಹೋಯಿತು.

ನನ್ನ ತಪ್ಪು ತಂಡದ ಆಯ್ಕೆಯಲ್ಲಿರಲಿಲ್ಲ, ಮಾರುಕಟ್ಟೆಯ ಆಯ್ಕೆಯಲ್ಲಿತ್ತು. 27 ಸುತ್ತುಗಳ ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆಯುವವರು ಯಾರೆಂಬುದಕ್ಕೆ ಪ್ರತ್ಯೇಕ ದರವಿರುತ್ತದೆ (ಗೆದ್ದರೆ ಒಂದು ಡಾಲರ್‌ಗೆ ಸಿಗುವ ಮೊತ್ತ). ಆ ನೂರನ್ನು ಅಲ್ಲಿ ಹಾಕಿದ್ದರೆ ಈಗ ನಾನು ಬೇರೆಯೇ ಮಾತು ಬರೆಯುತ್ತಿದ್ದೆ.

ಬ್ರಿಸ್ಬೇನ್ ವಾಸಿ:
ಮೇಲಿನವರ ನೋವು ಅರ್ಥವಾಗುತ್ತದೆ, ಆದರೆ ಅವರು ಹೇಳದೆ ಬಿಟ್ಟ ಸಂಗತಿಯೊಂದಿದೆ: ರೇಡರ್ಸ್ ಕೈಯಲ್ಲಿದ್ದ ಪಂದ್ಯವನ್ನು ಕೈಬಿಟ್ಟರು.

ನಾನು 2023ರಲ್ಲಿ ಸೀಸನ್ ಆರಂಭಕ್ಕೆ ಮೊದಲೇ ಬ್ರಾಂಕೋಸ್ ಮೇಲೆ 300 ಡಾಲರ್ ಕಟ್ಟಿದ್ದೆ. ಗ್ರ್ಯಾಂಡ್ ಫೈನಲ್‌ನಲ್ಲಿ ಎಜ್ರಾ ಮಾಮ್ ಮೂರು ಟ್ರೈ ಹೊಡೆದು ನಾವು 24-8ರಿಂದ ಮುಂದಿದ್ದಾಗ ಮಗಳಿಗೆ ಲ್ಯಾಪ್‌ಟಾಪ್ ಮಾತು ಕೊಟ್ಟುಬಿಟ್ಟೆ. ಪೆನ್ರಿತ್‌ನ ನೇಥನ್ ಕ್ಲಿಯರಿ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಆ ಪಂದ್ಯವನ್ನು ಕಿತ್ತುಕೊಂಡರು, 26-24. ಲ್ಯಾಪ್‌ಟಾಪ್‌ಗೆ 1,450 ಡಾಲರ್ ಸಂಬಳದಿಂದಲೇ ಹೋಯಿತು. ಮರುವರ್ಷ ಎಲ್ಲ ಮುನ್ನೋಟಗಳೂ ನಮ್ಮನ್ನು ಹೊಗಳಿದವು. ನಾನು ಮತ್ತೆ 300 ಕಟ್ಟಿದೆ. ತಂಡ ಮೊದಲ ಎಂಟರೊಳಗೂ ಬರಲಿಲ್ಲ. ಎರಡು ವರ್ಷಕ್ಕೆ 600 ಡಾಲರ್, ಅಂದರೆ ಪ್ರಶ್ನೆ ಕೇಳಿದವರು ತೆಗೆದಿಟ್ಟಿರುವಷ್ಟೇ ಮೊತ್ತ.

2025ರಲ್ಲಿ ಕಾದೆ. ಮೇ ತಿಂಗಳಲ್ಲಿ ತಂಡ ಸೋಲಿನ ಮೇಲೆ ಸೋಲು ಕಂಡು, ಹೊಸ ಕೋಚ್ ಮೈಕೆಲ್ ಮಗ್ವಾಯರ್ ಆಟಗಾರರನ್ನು ಅತಿಯಾಗಿ ದಣಿಸುತ್ತಿದ್ದಾರೆಂಬ ಮಾತು ಹಬ್ಬಿದಾಗ ದರ ಏರಿತು. ಆಗ 150 ಡಾಲರ್ ಕಟ್ಟಿದೆ. ಮೊದಲ ಫೈನಲ್ಸ್ ಪಂದ್ಯದಲ್ಲಿ ಒಂದು ಅಂಕದ ಗೆಲುವು. ಪೆನ್ರಿತ್ ವಿರುದ್ಧ ಅರ್ಧ ಆಟಕ್ಕೆ 14-0 ಹಿಂದಿದ್ದು 16-14ರಿಂದ ಗೆಲುವು. ಗ್ರ್ಯಾಂಡ್ ಫೈನಲ್‌ನಲ್ಲಿ ಅರ್ಧ ಆಟಕ್ಕೆ 22-12 ಹಿಂದಿದ್ದು ಮೆಲ್ಬರ್ನ್ ಮೇಲೆ 26-22ರಿಂದ ಗೆಲುವು. 2006ರ ನಂತರದ ಮೊದಲ ಪ್ರಶಸ್ತಿ ಅದು. ಹಿಂದಿನ 600 ಕಳೆದ ಮೇಲೂ ಕೈಯಲ್ಲಿ ಹಣ ಉಳಿಯಿತು. ಕಾಯುವವನಿಗೆ ಮಾತ್ರ ಈ ಆಟದಲ್ಲಿ ಹಣ.

ಹಸಿರು ಅಂಗಿ, ಕ್ಯಾನ್ಬೆರಾ:
"ಕೈಬಿಟ್ಟರು" ಎಂದು ಬರೆಯುವ ಮುನ್ನ ಯೋಚಿಸಬೇಕಿತ್ತು. ನೀವೇ ಕೊಟ್ಟ ಅಂಕಗಳನ್ನು ಕೂಡಿ ನೋಡಿ: ಒಂದು, ಎರಡು, ನಾಲ್ಕು. ಮೂರು ಪಂದ್ಯ, ಒಟ್ಟು ಏಳು ಅಂಕಗಳ ಅಂತರ. ಇದನ್ನು ತಾಳ್ಮೆಯ ಫಲವೆಂದು ಹೇಳಿಕೊಳ್ಳುವುದು ಹೊಸಬರನ್ನು ದಾರಿ ತಪ್ಪಿಸುತ್ತದೆ.

ಬ್ರಿಸ್ಬೇನ್ ವಾಸಿ:
2015ರ ಗ್ರ್ಯಾಂಡ್ ಫೈನಲ್‌ನ ಗೋಲ್ಡನ್ ಪಾಯಿಂಟ್ ಅವಧಿಯಲ್ಲಿ ಕಿಕ್‌ಆಫ್ ಚೆಂಡನ್ನು ಕೈಜಾರಿಸಿ, ಕೌಬಾಯ್ಸ್‌ಗೆ 17-16ರ ಗೆಲುವು ಹೋಗಲು ಕಾರಣರೆಂದು ಹತ್ತು ವರ್ಷ ನಿಂದೆ ಹೊತ್ತವರು ಬೆನ್ ಹಂಟ್. ನಿಮ್ಮ ಊರಿನಲ್ಲಿ ಆ ಒಂದು ಅಂಕದ ಫೀಲ್ಡ್ ಗೋಲ್ ಹೊಡೆದವರೂ ಅವರೇ. ಅದನ್ನು ಬರಿಯ ಅದೃಷ್ಟವೆಂದು ಕರೆಯಲು ನಾನು ಸಿದ್ಧನಿಲ್ಲ.

ಲೆಕ್ಕದ ಪುಸ್ತಕ, ಪ್ಯಾರಮಟ್ಟ:
ಇಬ್ಬರೂ ಒಂದೊಂದು ಪಂತದ ಕಥೆ ಹೇಳಿದ್ದೀರಿ. ನಾನು ಮೂರು ಸೀಸನ್‌ಗಳ ಪ್ರತಿಯೊಂದು ಪಂತವನ್ನೂ ಬರೆದಿಟ್ಟಿದ್ದೇನೆ. ಪ್ರಶಸ್ತಿಯ ಮಾರುಕಟ್ಟೆಗೆ ನಾನು ಕೈಹಾಕುವುದೇ ಇಲ್ಲ, ಏಕೆಂದರೆ 17 ತಂಡಗಳ ದರಗಳಲ್ಲಿ ಬುಕ್ಕಿಯ ಪಾಲು ಎಷ್ಟು ಅಡಗಿದೆಯೆಂದು ಕೂಡಿ ನೋಡಿದವರು ಅಲ್ಲಿ ಹಣ ಇಡಲಾರರು. ನನ್ನದು ವಾರವಾರದ ಲೈನ್ (ಅಂಕಗಳ ಅಂತರದ ಮೇಲಿನ ಪಂತ) ಮಾತ್ರ, ದರ 1.90, ಪ್ರತಿ ಬಾರಿ 50 ಡಾಲರ್. ಈ ದರದಲ್ಲಿ ನಷ್ಟವಾಗದಿರಲು ನೂರಕ್ಕೆ 52.63 ಸಲ ಗೆಲ್ಲಬೇಕು.

2022ರಲ್ಲಿ 180 ಪಂತಗಳಲ್ಲಿ 98 ಗೆದ್ದೆ: ಹಾಕಿದ್ದು 9,000, ಬಂದದ್ದು 9,310. 2023ರಲ್ಲಿ 192ರಲ್ಲಿ 107: ಹಾಕಿದ್ದು 9,600, ಬಂದದ್ದು 10,165. ಎರಡು ವರ್ಷಕ್ಕೆ 875 ಡಾಲರ್ ಲಾಭ. ನನ್ನ ವಿಧಾನ ಇಷ್ಟೇ: ಮಂಗಳವಾರ ಸಂಜೆ ನಾಲ್ಕಕ್ಕೆ ತಂಡಗಳ ಪಟ್ಟಿ ಪ್ರಕಟವಾಗುತ್ತಿದ್ದಂತೆ ಯಾರ ಹಾಫ್‌ಬ್ಯಾಕ್ ಹೊರಗಿದ್ದಾನೆ, ಯಾರು ಐದು ದಿನದ ಬಿಡುವಿನಲ್ಲಿ ಆಡುತ್ತಿದ್ದಾರೆ, ಯಾರು ಬೈ (ಪಂದ್ಯವಿಲ್ಲದ ವಾರ) ಮುಗಿಸಿ ಬರುತ್ತಿದ್ದಾರೆ ಎಂದು ನೋಡಿ, ದರ ಕದಲುವ ಮೊದಲೇ ಹಾಕುತ್ತಿದ್ದೆ. ಆರಿಜಿನ್ ವಾರಗಳಲ್ಲಿ ಹೆಚ್ಚು ಲಾಭ. ಬುಧವಾರ ರಾತ್ರಿ ಎಂಬತ್ತು ನಿಮಿಷ ಆಡಿದವನು ಶುಕ್ರವಾರ ಕ್ಲಬ್‌ಗೆ ಆಡುತ್ತಾನೆಯೇ ಇಲ್ಲವೇ ಎಂಬುದು ಕೆಲವು ಕೋಚ್‌ಗಳ ವಿಷಯದಲ್ಲಿ ಮೊದಲೇ ಊಹಿಸಬಹುದಾದದ್ದು.

2024ರ ಏಪ್ರಿಲ್‌ನಲ್ಲಿ ಒಂದು ಕಂಪನಿ ನನ್ನ ಖಾತೆಗೆ ಮಿತಿ ಹಾಕಿತು. 50 ಡಾಲರ್ ಎಂದು ಒತ್ತಿದರೆ 4 ಡಾಲರ್ 12 ಸೆಂಟ್ಸ್ ಮಾತ್ರ ಸ್ವೀಕಾರ. ಕಾರಣ ಕೇಳಿದರೆ ವ್ಯಾಪಾರದ ನಿರ್ಧಾರವೆಂಬ ಒಂದೇ ಸಾಲಿನ ಉತ್ತರ. ಕುದುರೆ ಪಂದ್ಯಗಳಲ್ಲಿ ಇಂತಿಷ್ಟು ಮೊತ್ತದವರೆಗಿನ ಪಂತವನ್ನು ಅವರು ಸ್ವೀಕರಿಸಲೇಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ; ರಗ್ಬಿ ಲೀಗ್‌ಗೆ ಅಂಥ ರಕ್ಷಣೆಯಿಲ್ಲ. ಬೇರೆ ಖಾತೆಗಳಲ್ಲಿ ಒಳ್ಳೆಯ ದರ ಸಿಗದೆ ಆ ವರ್ಷ 150ರಲ್ಲಿ 74 ಮಾತ್ರ ಗೆದ್ದು 470 ಕಳೆದುಕೊಂಡೆ. ಆದರೂ ಮೂರು ವರ್ಷಕ್ಕೆ ನಿವ್ವಳ 405 ಡಾಲರ್ ಲಾಭ. ಇಲ್ಲಿ ಬರೆದವರಲ್ಲಿ ಎಷ್ಟು ಮಂದಿ ಹೀಗೆ ಲೆಕ್ಕ ತೋರಿಸಬಲ್ಲರು?

ಪೆನ್ರಿತ್‌ನ ಗೃಹಿಣಿ:
ವಾರಕ್ಕೆ ಎಷ್ಟು ಗಂಟೆ ಕೂರುತ್ತಿದ್ದಿರಿ, ಸರ್?

ಲೆಕ್ಕದ ಪುಸ್ತಕ, ಪ್ಯಾರಮಟ್ಟ:
ಸುಮಾರು ಆರು ಗಂಟೆ.

ಪೆನ್ರಿತ್‌ನ ಗೃಹಿಣಿ:
ಹಾಗಾದರೆ 27 ವಾರದಂತೆ ಮೂರು ವರ್ಷಕ್ಕೆ 486 ಗಂಟೆ. ಗಂಟೆಗೆ 83 ಸೆಂಟ್ಸ್. ನಿಮ್ಮ ಮನೆಯವರು ಆ ಶನಿವಾರಗಳನ್ನು ಎಲ್ಲಿ ಕಳೆದರೆಂಬುದೂ ಆ ಪುಸ್ತಕದಲ್ಲಿ ಇರಬೇಕಿತ್ತು. ನಮ್ಮ ಮನೆಯವರೂ ಇದೇ ಹಾದಿಯಲ್ಲಿದ್ದವರು, ಹಾಗಾಗಿ ಕೇಳಿದೆ.

ನಾನು ಆರು ವರ್ಷಗಳಿಂದ ಕಚೇರಿಯ ಟಿಪ್ಪಿಂಗ್‌ಗೆ ಮಾತ್ರ ವರ್ಷಕ್ಕೆ 20 ಡಾಲರ್ ಕೊಡುತ್ತೇನೆ. 120 ಕೊಟ್ಟಿದ್ದೇನೆ, ಒಮ್ಮೆ 150 ಗೆದ್ದಿದ್ದೇನೆ. ಮುನ್ನೋಟಗಳ ಬಗ್ಗೆ ನನ್ನ ಅನುಭವ ಹೇಳುತ್ತೇನೆ. 2021ರಿಂದ 2024ರವರೆಗೆ ಸತತ ನಾಲ್ಕು ಪ್ರಶಸ್ತಿ ಗೆದ್ದ ನಮ್ಮ ಪೆನ್ರಿತ್‌ನ ಪ್ಯಾಂಥರ್ಸ್ ತಂಡವೇ 2025ರಲ್ಲೂ ಮುಂಚೂಣಿಯಲ್ಲಿರುತ್ತದೆಂದು ಓದಿ ಪ್ರತಿ ವಾರ ಅವರನ್ನೇ ಆರಿಸಿದೆ. ಒಂದು ಹಂತದಲ್ಲಿ ತಂಡ ಪಟ್ಟಿಯ ತಳದಲ್ಲಿತ್ತು. ತಂಡವೊಂದು ಆಟಗಾರರಿಗೆ ಕೊಡಬಹುದಾದ ಒಟ್ಟು ಸಂಬಳದ ಮಿತಿಯಿಂದಾಗಿ ಪ್ರತಿ ವರ್ಷ ಇಬ್ಬರೋ ಮೂವರೋ ಒಳ್ಳೆಯ ಆಟಗಾರರು ಹೋಗುವುದನ್ನು ನಾವು ಇಲ್ಲಿ ಕಣ್ಣಾರೆ ಕಂಡಿದ್ದರೂ, ಬರೆಯುವವರು ಹಿಂದಿನ ವರ್ಷದ ಪಟ್ಟಿಯನ್ನೇ ತುಸು ತಿದ್ದಿ ಪ್ರಕಟಿಸುತ್ತಾರೆ. ಆ ಮೇಲೆ ತಂಡ ಸತತ ಒಂಬತ್ತು ಗೆದ್ದಿತು; ಅಷ್ಟರಲ್ಲಿ ನಾನು ಬೇಸತ್ತು ಎದುರಾಳಿಗಳನ್ನು ಆರಿಸತೊಡಗಿದ್ದೆ. 41 ಜನರಲ್ಲಿ 29ನೆಯವಳಾದೆ. ಆ ಸಿಟ್ಟು ಇನ್ನೂ ಆರಿಲ್ಲ.

ಲೆಕ್ಕದ ಪುಸ್ತಕ, ಪ್ಯಾರಮಟ್ಟ:
ನನ್ನ ಮನೆಯ ವಿಷಯ ಇಲ್ಲಿ ಬೇಡ, ತಾಯಿ. ಟಿಪ್ಪಿಂಗ್‌ನಲ್ಲಿ ಗೆಲ್ಲುವ ತಂಡವನ್ನು ಹೇಳಿದರಾಯಿತು. ದರ ಎಷ್ಟಿದ್ದರೂ ಒಂದೇ ಅಂಕ. ಅದಕ್ಕೂ ಪಂತಕ್ಕೂ ಸಂಬಂಧವೇ ಇಲ್ಲ. ಟಿಪ್ಪಿಂಗ್‌ನಲ್ಲಿ ಎರಡನೆಯವರಾಗಿದ್ದೇನೆಂದು ಹಣ ಕಟ್ಟಲು ಹೊರಟಿರುವ ಪ್ರಶ್ನೆದಾರರಿಗೂ ಇದೇ ಮಾತು.

ವೆಂಟ್ವರ್ತ್‌ವಿಲ್‌ನವನು:
ಯಾರಿಗೂ ಹೇಳಿರದ ಸಂಗತಿಯನ್ನು ಬರೆಯುತ್ತಿದ್ದೇನೆ. ನಾನೂ ಪ್ಯಾರಮಟ್ಟ ಅಭಿಮಾನಿ. 1986ರ ನಂತರ ಪ್ರಶಸ್ತಿಯಿಲ್ಲದ ತಂಡ 2022ರಲ್ಲಿ ಗ್ರ್ಯಾಂಡ್ ಫೈನಲ್ ತಲುಪಿದಾಗ 500 ಡಾಲರ್ ಕಟ್ಟಿದೆ; 28-12ರಿಂದ ಸೋತೆವು. ಆ 500ನ್ನು ಹಿಂದಕ್ಕೆ ಪಡೆಯಲು 2023ರಲ್ಲಿ ಮಲ್ಟಿಗಳಿಗೆ (ಆರಿಸಿದ ಎಲ್ಲ ಪಂದ್ಯಗಳೂ ಗೆದ್ದರಷ್ಟೇ ಹಣ ಬರುವ ಪಂತ) ಇಳಿದೆ. ಐದು ಪಂದ್ಯ, ತಲಾ 1.90, ಗುಣಿಸಿದರೆ ಸುಮಾರು 24.76. ನೂರು ಹಾಕಿದರೆ 2,476 ಬರುತ್ತದೆಂಬುದಷ್ಟೇ ನನಗೆ ಕಂಡಿತು. ಐದೂ ಸಮಬಲದ ಪಂದ್ಯಗಳಾದರೆ ನ್ಯಾಯವಾಗಿ 32 ಸಿಗಬೇಕಿತ್ತು, ಅಂದರೆ ಒಂದೇ ಪಂತದಲ್ಲಿ ನೂರಕ್ಕೆ 5ರಷ್ಟಿರುವ ಅವರ ಪಾಲು ಇಲ್ಲಿ 22 ದಾಟುತ್ತದೆ ಎಂಬುದು ಹಣ ಹೋದ ಮೇಲೆ ತಿಳಿಯಿತು. ನಾಲ್ಕು ಗೆದ್ದು ಐದನೆಯದು ಸೋತ ವಾರಗಳು ಹನ್ನೊಂದು. ಆ ಹನ್ನೊಂದೂ ನನಗೆ ಬಾಯಿಪಾಠವಾಗಿವೆ.

2024ರ ಜೂನ್ 11ರಂದು ಆನ್‌ಲೈನ್ ಪಂತಕ್ಕೆ ಕ್ರೆಡಿಟ್ ಕಾರ್ಡ್ ನಿಷೇಧವಾಗುವವರೆಗೆ ಕಾರ್ಡ್‌ನಿಂದಲೇ ಹಾಕುತ್ತಿದ್ದೆ. ಬ್ಯಾಂಕ್ ಅದನ್ನು ನಗದು ಮುಂಗಡವೆಂದು ಪರಿಗಣಿಸಿ ಮೊದಲ ದಿನದಿಂದಲೇ ಬಡ್ಡಿ ಹಾಕುತ್ತಿತ್ತು. ಪಂತದಲ್ಲಿ ಹೋದದ್ದು 11,640 ಡಾಲರ್, ಬಡ್ಡಿ ಮತ್ತು ಶುಲ್ಕ 1,385. ಊರಿನಲ್ಲಿ ಅಪ್ಪನ ಕಣ್ಣಿನ ಶಸ್ತ್ರಚಿಕಿತ್ಸೆಗೆ ಹಣ ಕಳಿಸಲು ಎರಡು ತಿಂಗಳು ತಡ ಮಾಡಿದೆ. ಕಾರಣವನ್ನು ಅಪ್ಪನಿಗೆ ಇಂದಿಗೂ ಹೇಳಿಲ್ಲ. ಆ ಜುಲೈನಲ್ಲಿ ಬೆಟ್‌ಸ್ಟಾಪ್‌ನಲ್ಲಿ ಹೆಸರು ನೋಂದಾಯಿಸಿದೆ. ಒಮ್ಮೆ ನೋಂದಾಯಿಸಿದರೆ ದೇಶದ ಪರವಾನಗಿ ಪಡೆದ ಯಾವ ಆನ್‌ಲೈನ್ ಅಥವಾ ಫೋನ್ ಬುಕ್ಕಿಯೂ ನಿಮ್ಮ ಪಂತ ತೆಗೆದುಕೊಳ್ಳುವಂತಿಲ್ಲ, ಜಾಹೀರಾತು ಕಳಿಸುವಂತಿಲ್ಲ. ಕನಿಷ್ಠ ಅವಧಿ ಮೂರು ತಿಂಗಳು. ನಾನು ಜೀವಮಾನಕ್ಕೆಂದು ಆರಿಸಿದೆ. ಫೋನ್‌ನಲ್ಲಿ ಮಾತನಾಡಬೇಕೆನಿಸಿದವರಿಗೆ ಜೂಜಿನ ಸಹಾಯವಾಣಿ 1800 858 858.

ಬ್ರಿಸ್ಬೇನ್ ವಾಸಿ:
ನಿಮ್ಮ ಪ್ರಾಮಾಣಿಕತೆಗೆ ಗೌರವವಿದೆ. ಆದರೆ ಪ್ರಶ್ನೆ ಕೇಳಿದವರು ಸಾಲ ಮಾಡಿಲ್ಲ, ಮಲ್ಟಿಯನ್ನೂ ಕೇಳಿಲ್ಲ.

ವೆಂಟ್ವರ್ತ್‌ವಿಲ್‌ನವನು:
ನಾನೂ ಮೊದಲ ದಿನ ಸಾಲ ಮಾಡಿರಲಿಲ್ಲ. ಲ್ಯಾಪ್‌ಟಾಪ್‌ಗೆ ಸಂಬಳದಿಂದ 1,450 ಕೊಟ್ಟ ಮೇಲೂ ಮರುವರ್ಷ ಮತ್ತೆ 300 ಕಟ್ಟಿದವರು ಈ ಮಾತು ಹೇಳಬಾರದು.

ಮೆಲ್ಬರ್ನ್ ಕನ್ನಡಿಗ:
ನಮ್ಮ ಮೆಲ್ಬರ್ನ್ ಸ್ಟಾರ್ಮ್ ತಂಡದ ಬಗ್ಗೆ ಯಾರೂ ಬರೆಯಲಿಲ್ಲ. 2003ರಿಂದ ಈ ತಂಡ ಫೈನಲ್ಸ್ ತಲುಪದಿದ್ದದ್ದು 2010ರಲ್ಲಿ ಮಾತ್ರ, ಅದೂ ಸಂಬಳದ ಮಿತಿ ಮೀರಿದ ಪ್ರಕರಣದಲ್ಲಿ ಅಂಕಗಳನ್ನು ಕಸಿದುಕೊಂಡದ್ದರಿಂದ. ಇದನ್ನು ನಂಬಿ ಮೊದಲ ಎಂಟರೊಳಗೆ ಬರುತ್ತಾರೆಂದು 200 ಕಟ್ಟಿದೆ. ಆರು ತಿಂಗಳು ಹಣ ಸಿಕ್ಕಿಹಾಕಿಕೊಂಡು ಸಿಕ್ಕ ಲಾಭ 20 ಡಾಲರ್. ಪ್ರಶಸ್ತಿಗೆ ಕಟ್ಟಿದಾಗ 2024ರಲ್ಲಿ 14-6, 2025ರಲ್ಲಿ 26-22, ಎರಡೂ ಸಲ ಕೊನೆಯ ದಿನ ಸೋಲು. ಈ ಬಾರಿ ತಂಡದಲ್ಲಿ ಆಟಗಾರ ಪ್ಯಾಪನ್‌ಹೈಜನ್ ಇಲ್ಲ, ನಾನು ಕಟ್ಟುವುದಿಲ್ಲ. ಇನ್ನೊಂದು ಎಚ್ಚರಿಕೆ: ಮೊದಲ ಅಂಕ ಹೇಗೆ ಬರುತ್ತದೆ ಎಂಬಂಥ ಸಣ್ಣ ಮಾರುಕಟ್ಟೆಗಳ ಕಡೆ ಹೋಗಬೇಡಿ. 2010ರಲ್ಲಿ ಬುಲ್‌ಡಾಗ್ಸ್ ಮತ್ತು ಕೌಬಾಯ್ಸ್ ಪಂದ್ಯದಲ್ಲಿ ಮೊದಲ ಅಂಕ ಪೆನಾಲ್ಟಿ ಗೋಲ್‌ನಿಂದಲೇ ಬರುವಂತೆ ಮಾಡಲು ಯತ್ನಿಸಿದ ಪ್ರಕರಣದಲ್ಲಿ ಬುಲ್‌ಡಾಗ್ಸ್ ಆಟಗಾರ ರಯಾನ್ ಟ್ಯಾಂಡಿ ಅಪರಾಧಿಯೆಂದು ಮರುವರ್ಷ ತೀರ್ಪಾಯಿತು.

ಬಸವನಗುಡಿ, ಬೆಂಗಳೂರು:
ಅಲ್ಲಿರುವ ನನ್ನ ಭಾವನ ಖಾತೆಯಿಂದ ನಾನು ಇಲ್ಲಿಂದ ಹಣ ಕಳಿಸಿ ಪಂತ ಕಟ್ಟಬಹುದೇ?

ಲೆಕ್ಕದ ಪುಸ್ತಕ, ಪ್ಯಾರಮಟ್ಟ:
ಬೇಡ. ಖಾತೆದಾರರಲ್ಲದವರ ಪರವಾಗಿ ಕಟ್ಟಿದರೆ ಗೆದ್ದ ಹಣವನ್ನು ತಡೆಹಿಡಿದು ನಿಮ್ಮ ಭಾವನವರ ಖಾತೆಯನ್ನು ಮುಚ್ಚುತ್ತಾರೆ. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಭಾವನವರನ್ನು ಇದರಲ್ಲಿ ಎಳೆಯಬೇಡಿ.

ವೆಸ್ಟ್‌ಮೀಡ್ ನಿವಾಸಿ, ಸಿಡ್ನಿ:
ಎಲ್ಲರಿಗೂ ಧನ್ಯವಾದ. ವೆಂಟ್ವರ್ತ್‌ವಿಲ್‌ನವರ ಬರಹವನ್ನು ಮನೆಯವರಿಗೂ ಓದಿ ಹೇಳಿದೆ. 450 ಡಾಲರ್ ಗೃಹಸಾಲದ ಖಾತೆಗೆ ವಾಪಸು ಹೋಯಿತು. ಉಳಿದ 150ನ್ನು ಜುಲೈವರೆಗೆ ಮುಟ್ಟುವುದಿಲ್ಲ. ಹಾಫ್‌ಬ್ಯಾಕ್ ಡಾಲಿ ಚೆರಿ-ಇವಾನ್ಸ್ ಸೇರಿರುವ ಸಿಡ್ನಿಯ ರೂಸ್ಟರ್ಸ್ ತಂಡದ ಬಗ್ಗೆ ಯಾರಿಗಾದರೂ ಅಭಿಪ್ರಾಯವಿದ್ದರೆ ತಿಳಿಸಿ. ಆ ವಿಷಯ ಯಾರೂ ಎತ್ತಲಿಲ್ಲ.

ಹಸಿರು ಅಂಗಿ, ಕ್ಯಾನ್ಬೆರಾ:
ರೂಸ್ಟರ್ಸ್ ಬಗ್ಗೆ ನನಗೆ ಆಸಕ್ತಿಯಿಲ್ಲ. ನಿನ್ನೆ ರಾತ್ರಿ ರೇಡರ್ಸ್ ಮೇಲೆ 50 ಕಟ್ಟಿದೆ, ಈ ಬಾರಿ ಅಗ್ರಸ್ಥಾನಕ್ಕೆ.

ಬ್ರಿಸ್ಬೇನ್ ವಾಸಿ:
ಫೆಬ್ರವರಿಯಲ್ಲೇ?